ಒಣ ಡ್ರಮ್ಮು ಮತ್ತು ಬಾಗಿಲ ಹಿಂದಿನ ಬರಹ

"ಚುಕ್ಕಿ ಸೊಳ್ಳಿ ಈ ಓಣಿಗೆ ತಂದು ಬಿಟ್ಟಾಂವ ಆ ಮಲೇರಿಯಾದಾಂವನ ಅಂತಲ್ರಿ, ಅಜ್ಜಾರ?" ಮೊನ್ನೆ ಬಾಗಿಲಿಗೆ ಬಣ್ಣ ಹಚ್ಚಲು ಬಂದವನು, ಅದರ ಹಿಂಬದಿಯ ನೀಲಿ ಪೆನ್ಸಿಲಿನ ಬರಹ ಕಂಡು ಕೇಳಿದ. ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರೂ ನಂಬಿದ ಮಾತು ಅದು. ನಾನು ಒಪ್ಪುವುದಿಲ್ಲ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮಲೇರಿಯಾ ಇಲಾಖೆಯ ಆ ನೌಕರ ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು, ನೀರು ತುಂಬಿದ ಪಾತ್ರೆಗಳನ್ನು ಪರೀಕ್ಷಿಸಿ, ಕಂಡದ್ದನ್ನು ತಾರೀಖಿನೊಡನೆ ಬಾಗಿಲ ಹಿಂದೆ ಬರೆದುಹೋಗುತ್ತಿದ್ದ. ಓದಿದ್ದು ನನ್ನಂತೆಯೇ ಏಳನೆಯ ಇಯತ್ತೆ. ಮಗ್ಗದಿಂದೆದ್ದು ವಾಚನಾಲಯದ ಪುಸ್ತಕಗಳನ್ನೆಲ್ಲ ಓದಿದ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಆತ ಬಿಳಿಯ ತಟ್ಟೆಯಲ್ಲಿ ನೀರು ಹಾಕಿ ಸೊಳ್ಳೆಯ ಮರಿಹುಳು ತೋರಿಸಿ, ಶೀಶೆಗೆ ತುಂಬಿಕೊಳ್ಳುವಾಗ ಓಣಿಯೇ ನೆರೆಯುತ್ತಿತ್ತು. ಆತನ ಚಹಾಕ್ಕೆಂದು ನನ್ನ ಹೆಂಡತಿ ಏಲಕ್ಕಿ ಕುಟ್ಟುತ್ತಿದ್ದಳು. ನನಗಾಗಿ ಎಂದೂ ಕುಟ್ಟಿದವಳಲ್ಲ…

ಒಂದು ಬೇಸಿಗೆ ಲಕ್ಷ್ಮೇಶ್ವರದ ಮಾವನ ಮನೆಯಿಂದ ಹಳೆಯ ಕಬ್ಬಿಣದ ಡ್ರಮ್ಮು ತಂದೆ. ಒಳಗೆ ಹನಿ ನೀರಿರಲಿಲ್ಲ. ಆತ ಅದರೊಳಗೆ ಬೆರಳಾಡಿಸಿ, "ಅಣ್ಣಾರ, ಇಟ್ಟಂಗಿ ಚೂರಿಲೆ ತಿಕ್ಕಿ ಆಮ್ಯಾಲ ನೀರು ತುಂಬ್ರಿ. ಸೊಳ್ಳಿ ತತ್ತಿ ಅಂಟ್ಕೊಂಡಿದ್ರ ತಿಂಗಳಗಟ್ಲೆ ಒಣಗಿದ್ರೂ ಸಾಯೂದಿಲ್ಲ" ಎಂದ. ಹೆಂಡತಿ ತಲೆದೂಗಿದಳು. ಅದೊಂದಕ್ಕೇ ನಾನು ತಿಕ್ಕದೆ ನೀರು ತುಂಬಿದೆ.

ಹತ್ತು ದಿನಕ್ಕೆ, ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವಾಗ ಹಾಡಹಗಲೇ ಸೊಳ್ಳೆಗಳು ಕಾಲು ಕಚ್ಚತೊಡಗಿದವು. ಕರಿಯ ಮೈಮೇಲೆ ಬಿಳಿಯ ಚುಕ್ಕೆ. ಆತ ಬಂದು ಡ್ರಮ್ಮಿನ ನೀರನ್ನು ತಟ್ಟೆಗೆ ಹಾಕಿದ. ನಮ್ಮ ಹಳೆಯ ಸೊಳ್ಳೆಯ ಮರಿಗಳು ನೀರಿನ ಮೇಲ್ಪದರದಲ್ಲಿ ಅಡ್ಡ ಮಲಗುತ್ತಿದ್ದವು; ಇವು ತಲೆಕೆಳಗಾಗಿ ಜೋತಿದ್ದವು. ಎಲ್ಲರೆದುರು ಡ್ರಮ್ಮು ತೋರಿಸಿದ. ನನಗೆ ತಡೆಯಲಾಗಲಿಲ್ಲ.

"ಒಣ ಡ್ರಮ್ಮಿನ್ಯಾಗ ಜೀವ ಎಲ್ಲಿಂದ ಬರ್ತೈತೋ? ನಿನ್ನ ಶೀಶೆದಾಗಿಂದ ಬಿದ್ದಿರಬೇಕು ನೋಡು."

ಜನ ನಕ್ಕರು. ಆತ ತಟ್ಟೆಯ ನೀರನ್ನು ಮಣ್ಣಿಗೆ ಚೆಲ್ಲಿ, ಒರೆಸಿ, ಚೀಲದಲ್ಲಿಟ್ಟುಕೊಂಡ. ನಗೆಮಾತು ಮಳೆಗಾಲದೊಳಗೆ ನಂಬಿಕೆಯಾಯಿತು. ಆತನನ್ನು ಕಂಡರೆ ಬಾಗಿಲು ಮುಚ್ಚತೊಡಗಿದರು. ಚುಕ್ಕೆ ಸೊಳ್ಳೆ ಮಾತ್ರ ಮನೆಮನೆಯ ನೀರಿನ ಬಾನಿಗಿಳಿಯಿತು. ಎರಡು ಮೂರು ವರ್ಷದಲ್ಲಿ ಅಡ್ಡ ಮಲಗುವ ಮರಿಗಳು ನಮ್ಮ ಬಾನಿಗಳಲ್ಲಿ ಅಪರೂಪವಾದವು. ಹೊಸವು ಬೇಗ ಬೆಳೆದು ಮೇವನ್ನೆಲ್ಲ ತಿಂದವೋ ಏನೋ… ಆತನಿದ್ದಿದ್ದರೆ ಹೇಳುತ್ತಿದ್ದ. ಅಷ್ಟರಲ್ಲಿ ಮುಂಡರಗಿಗೆ ವರ್ಗ ಮಾಡಿಸಿಕೊಂಡಿದ್ದ. ಅಲ್ಲಿಯೇ ತೀರಿಕೊಂಡನೆಂದು ಬಹಳ ತಡವಾಗಿ ಕೇಳಿದೆ.

ಬಾಗಿಲಿಗೆ ಬಣ್ಣ ಬೇಡವೆಂದೆ. ಬೇಕಾದವರು ಬಂದು ಓದಬಹುದು: "ಬಾನಿ, ಹಳೆಯವು." ಮತ್ತೆ, "ಬಾನಿ, ಹಳೆಯವು." ಅದರ ಕೆಳಗೆ, "ಡ್ರಮ್ಮು ಒಣ. ತಿಕ್ಕಲು ಹೇಳಿದೆ." ಕೊನೆಗೆ, "ಡ್ರಮ್ಮು, ಹೊಸವು." ಎಲ್ಲಕ್ಕೂ ತಾರೀಖಿದೆ. ಅಕ್ಷರಗಳು ಈಗಲೂ ನನ್ನದಕ್ಕಿಂತ ದುಂಡಗಿವೆ. ಅಲ್ಲಿಂದ ಕೆಳಗೆ ಬಾಗಿಲು ಖಾಲಿ.