ಕುರಿಗಳ ರಿಪೋರ್ಟ್ ಮೊದಲು ಬಂತು

ಕುರಿಗಳ ರಿಪೋರ್ಟ್ ಬಂದ ದಿನ ಅಪ್ಪ ಎಲ್ಲರಿಗೂ ಚಹಾ ಕುಡಿಸಿದ. ಗಬ್ಬದ ಕುರಿಗಳು ಒಂದರ ಹಿಂದೊಂದು ದಿನ ತುಂಬುವ ಮೊದಲೇ ಕಂದು ಹಾಕುತ್ತಿದ್ದವು; ನಾನು ಸಂಶೋಧನೆಗೆ ಸೇರಿದ್ದ ವಿಶ್ವವಿದ್ಯಾಲಯದವರೇ ನಿಡಗುಂದಿ ಹತ್ತಿರದ ನಮ್ಮ ದೊಡ್ಡಿಗೆ ಬಂದು ಅವುಗಳ ರಕ್ತ ತೆಗೆದಿದ್ದರು. ಯಾವ ಕುರಿಗೆ ರೋಗವಿದೆ, ಯಾವುದನ್ನು ಬೇರೆ ಕಟ್ಟಬೇಕು, ಸತ್ತ ಮರಿಯನ್ನು ಸುಣ್ಣ ಹಾಕಿ ಹೂಳಬೇಕು ಎಂದೆಲ್ಲ ಅಪ್ಪನಿಗೆ ತಿಳಿಯುವ ಕನ್ನಡದಲ್ಲಿ ಬರೆದು ಕಳಿಸಿದ್ದರು.

ಕುರಿಗಳ ರಕ್ತ ತೆಗೆದ ದಿನವೇ, ದೊಡ್ಡಿಯ ಅದೇ ಬೇವಿನ ಗಿಡದ ಕೆಳಗೆ, ಕುರಿ ಕಾಯುವವರ ರಕ್ತವನ್ನೂ ತೆಗೆದಿದ್ದೆವು. ಅಣ್ಣನ ಹೆಂಡತಿ, ನಮ್ಮ ವೈನಿಯ ರಕ್ತ ತೆಗೆದವಳು ನಾನೇ. ಕುರಿ ಈಯುವಾಗ ಕೈ ಹಾಕಿ ಮರಿ ಎಳೆಯುವ ಕೆಲಸ ಆಕೆಯದು. ಅದಕ್ಕೆ ನಮ್ಮಲ್ಲಿ ಯಾರೂ ಕೈಗವಸು ಹಾಕುವುದಿಲ್ಲ. ಆಕೆಗೆ ಹೋಗಿ ಬರುವ ಜ್ವರ, ಸೊಂಟನೋವು. ಎರಡು ಸಲ ಬಸುರಿಯಾದರೂ ಗರ್ಭ ನಿಲ್ಲಲಿಲ್ಲ. ನನ್ನ ಅವ್ವ "ಅಕೀ ಹೊಟ್ಟೀನ ಸರಿ ಇಲ್ಲ" ಎಂದು ತೀರ್ಪು ಕೊಟ್ಟು, ಮುದ್ದೇಬಿಹಾಳದ ಕಡೆ ಅಣ್ಣನಿಗೆ ಇನ್ನೊಂದು ಹೆಣ್ಣು ಹುಡುಕತೊಡಗಿದ್ದಳು.

ವೈನಿಯ ರಕ್ತದಲ್ಲೂ ಕುರಿಯ ರೋಗವೇ ಇತ್ತು. ಲ್ಯಾಬಿನಲ್ಲಿ ಅದನ್ನು ಕಂಡವಳೇ ನನ್ನ ಗೈಡ್ ಪ್ರೊಫೆಸರರ ಕೋಣೆಗೆ ಓಡಿದೆ. ಅವರು ತಲೆ ಕೂಡ ಎತ್ತಲಿಲ್ಲ.

"ಜನರದ್ದು ಈಗಲೇ ಹೇಳೋ ಹಾಗಿಲ್ಲಮ್ಮ. ಇದು ಸಂಶೋಧನೆ, ಚಿಕಿತ್ಸೆ ಅಲ್ಲ. ಪೇಪರ್ ಪ್ರಕಟ ಆಗ್ಲಿ."

"ಕುರೀದು ಹೇಳೇವಲ್ರೀ ಸರ?"

"ಅದರ ನಿಯಮ ಬೇರೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಪ್ರಯೋಗಾಲಯದ ಇಲಿಗೆ ಒಂದು ಸೂಜಿ ಚುಚ್ಚಬೇಕಾದರೆ ಸಮಿತಿ ಕೂರುತ್ತದೆ, ಅದಕ್ಕೆ ನೋವಾದೀತೇ ಎಂದು ಚರ್ಚಿಸುತ್ತದೆ. ಕೂರಲಿ, ಒಳ್ಳೆಯದೇ. ನನ್ನ ವೈನಿಗಾಗಿ ಯಾರು ಕೂತರು? ಔಷಧವೇನು ಅಮೃತವೇ? ತಾಲೂಕು ದವಾಖಾನೆಯಲ್ಲಿ ಸಿಗುವ ಗುಳಿಗೆ! "ನಿಮ್ಮ ಪೇಪರಿಗೆ ಬೆಂಕಿ ಹತ್ಲಿ" ಎಂದು ಅವರ ಎದುರಿಗೇ ಅಂದು, ಬಾಗಿಲು ಬಡಿದು ಬಂದು ಬಸ್ ಹತ್ತಿದೆ.

ವೈನಿ ದೊಡ್ಡಿಯಲ್ಲಿ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನಿಲ್ಲಿಸಿ ಹೇಳಿದೆ: ರೋಗ ಕುರಿಯಿಂದ ಬಂದದ್ದು, ಗರ್ಭ ಹೋದದ್ದೂ ಅದರಿಂದಲೇ ಇದ್ದೀತು, ಗುಳಿಗೆ ತಗೊಂಡರೆ ವಾಸಿಯಾಗುತ್ತದೆ. ಗುಳಿಗೆಯ ಬಗ್ಗೆ ಆಕೆ ಒಂದು ಮಾತೂ ಕೇಳಲಿಲ್ಲ.

"ಇದನ್ನ ಅತ್ತಿ ಮುಂದ ಹೇಳ್ತೀಯೇನವಾ? ಜೋರಾಗಿ ಹೇಳು. ನಾಕು ಮಂದಿ ಕೇಳೂಹಂಗ ಹೇಳು."

ಹೇಳಿದೆ. ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ. ಅವ್ವ ಹಿಟ್ಟು ನಾದುವುದನ್ನೂ ನಿಲ್ಲಿಸದೆ ನನ್ನನ್ನು ನೋಡಿದಳು.

"ಅಕೀ ಮ್ಯಾಲೆ ಕರುಳ ಐತಂತ ಸುಳ್ಳ ಹೇಳಬ್ಯಾಡ. ಖರೇ ಇದ್ರ ಅಷ್ಟ ಕಲತವ್ರು ಅವತ್ತ ಕುರೀದರ ಜೋಡಿ ಬರದು ಕಳಸ್ತಿದ್ದಿಲ್ಲೇನು?"

ಅಣ್ಣ ಕೋಲು ತಗೊಂಡು ದೊಡ್ಡಿಯ ಕಡೆ ನಡೆದ. ಮರುದಿನ ದವಾಖಾನೆಗೆ ನಾವಿಬ್ಬರೇ ಹೆಂಗಸರು ಹೋದೆವು.