ಮುಟ್ಟದೆ ಕೊಲ್ಲುವ ಆಟ

ಮೊಮ್ಮಗಳ ಮೊಬೈಲ್ ಆಟದಲ್ಲಿ ಗುಹೆಯ ಬಾಗಿಲಲ್ಲಿ ರಾಕ್ಷಸಿಯೊಬ್ಬಳು ನಿಂತಿದ್ದಳು. ಅವಳನ್ನು ಕಂಡು ದೇವದುರ್ಗದ ಕಡೆಯ ನಮ್ಮೂರ ಹಾಳು ಬುರುಜು ನೆನಪಾಯಿತು.

ಅಲ್ಲಿ ನಾವಾಡುತ್ತಿದ್ದ ರಾಜ-ರಾಕ್ಷಸಿ ಆಟಕ್ಕೆ ರೂಲ್ಸು ಗೌಡರ ಮಗನದು. "ನೀ ರಾಕ್ಷಸಿ, ದೂರ ನಿಂದ್ರು," ಎನ್ನುತ್ತಿದ್ದ. ಬೇರೆಯವರನ್ನು ಮುಟ್ಟಿದರೆ ಔಟು. ನನ್ನನ್ನು ಮಾತ್ರ ಮಣ್ಣಿನ ಹೆಂಟೆ ಎಸೆದೇ ಕೊಲ್ಲಬೇಕು. ನಾನೆಂಥ ಭಯಂಕರ ರಾಕ್ಷಸಿ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಒಂದು ಸಂಜೆ ನನ್ನ ಕೂದಲೊಳಗಿನ ಎರೆಮಣ್ಣು ತೆಗೆಯುತ್ತಿದ್ದ ಅವ್ವನ ಮುಂದೆ, "ನನ್ನ ಮುಟ್ಟಾಕ ಎಲ್ಲಾರೂ ಅಂಜ್ತಾರಬೇ!" ಎಂದು ಜಂಬ ಕೊಚ್ಚಿಕೊಂಡೆ.

ಅವ್ವನ ಕೈ ನಿಂತಿತು. "ಅದು ಅಂಜಿಕಿ ಅಲ್ಲ, ಮಗಳೇ. ಮೈಲಿಗಿ."

"ಹತ್ರ ಹೋಗಬಾರದಜ್ಜಿ, ದೂರದಿಂದನ ಹೊಡೀಬೇಕು," ಎಂದು ಮೊಮ್ಮಗಳು ಈಗ ಬಾಣ ಬಿಟ್ಟಳು.

"ಈ ರೂಲ್ಸು ಹಾಕಿದಾಂವ ಯಾವ ಗೌಡನ ಮಗ?" ಎಂದೆ.