ತಂಪಿನ ಡಬ್ಬಿಗೆ ಮೂರು ಕುಂಚಿಗೆ

ನನಗೆ ಮೊಮ್ಮಗಳು ಹುಟ್ಟಿದಳು! ಬಾಗಲಕೋಟೆಯ ದವಾಖಾನೆಯಲ್ಲಿ, ನಸುಕಿನಲ್ಲಿ, ತಲೆ ತುಂಬ ಕೂದಲಿಟ್ಟುಕೊಂಡೇ ಹುಟ್ಟಿದಳು. ಮಗಳ ಮದುವೆಯಾಗಿ ಒಂಬತ್ತು ವರ್ಷದ ಮೇಲೆ. ಗುಳೇದಗುಡ್ಡಕ್ಕೆ ಮರಳುವ ಬಸ್ಸಿನಲ್ಲಿ ಗುರುತಿಲ್ಲದವರ ಕೈಗೂ ಪೇಢೆ ಇಟ್ಟೆ. ಕಂಡಕ್ಟರ್ ಎರಡು ತಿಂದು, ಮೂರನೆಯದನ್ನು ಡ್ರೈವರನ ಹೆಸರಿನಲ್ಲಿ ಇಸಿದುಕೊಂಡ.

ಈ ಕೂಸು ಸುಮ್ಮನೆ ಬಂದದ್ದಲ್ಲ. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಮಗಳ ಬೀಜ, ಅಳಿಯನ ಬೀಜ ತೆಗೆದು, ಗಾಜಿನ ಬಟ್ಟಲಲ್ಲಿ ಕೂಡಿಸಿ, ತಿರುಗಿ ಹೊಟ್ಟೆಯಲ್ಲಿ ಇಟ್ಟಿದ್ದರು. ಎರಡು ಸಲ ನಿಲ್ಲಲಿಲ್ಲ, ಮೂರನೆಯ ಸಲ ನಿಂತಿತು. ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಅಳಿಯಂದಿರು ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ನಮ್ಮ ಪಡಸಾಲೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಚಿತ್ರ ಬರೆದು ಎಲ್ಲ ತಿಳಿಸಿದ್ದರು.

ಒಂದು ಸಂಗತಿ ಮಾತ್ರ ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ಮಗಳ ಬಾಯಿಂದ ತಿಳಿಯಿತು. ಈ ಕೂಸಿನ ಜೊತೆ ಬಟ್ಟಲಲ್ಲಿ ಇನ್ನೂ ಮೂರು ಭ್ರೂಣ ಕೂಡಿದ್ದವಂತೆ. ಅವನ್ನು ದವಾಖಾನೆಯವರು ತಂಪಿನ ಡಬ್ಬಿಯಲ್ಲಿ ಕಾಯ್ದಿಟ್ಟಿದ್ದಾರಂತೆ. ಅಂದರೆ ನನಗೆ ನಾಲ್ಕು ಮೊಮ್ಮಕ್ಕಳು! ಕೂಸಿಗೆ ತಲೆಯಿಂದ ಬೆನ್ನಿನ ತನಕ ಇಳಿಯುವ ಕುಂಚಿಗೆಯನ್ನು ನಮ್ಮ ಮಗ್ಗದಲ್ಲೇ ನೇಯ್ದ ಖಣದ ಬಟ್ಟೆಯಲ್ಲಿ ಹೊಲಿದು ಮುಗಿಸಿದ್ದೆ. ಕೂಡಲೇ ಇನ್ನೂ ಮೂರಕ್ಕೆ ಬಟ್ಟೆ ಕತ್ತರಿಸಿದೆ. ಅಂಥ ಥಂಡಿಯಿಂದ ಎದ್ದು ಬರುವವರಿಗೆ ಬೇಡವೆ?

ನಮ್ಮ ಮನೆಯವರು ಮಗ್ಗದ ಕುಣಿಯಿಂದ ತಲೆ ಎತ್ತಿ ನೋಡಿದರು. “ಅವು ಸಾಸಿವಿ ಕಾಳಿಗಿಂತ ಸಣ್ಣು ಅದಾವಂತ. ಕುಂಚಗಿ ಯಾವ ತುದಿಗೆ ಹಾಕ್ತೀ?”

ಕೂಸಿಗೆ ತಿಂಗಳು ತುಂಬಿದ ಭಾನುವಾರ ಅಳಿಯಂದಿರು ಹುಬ್ಬಳ್ಳಿಯ ದವಾಖಾನೆಯ ಕಾಗದ ತಂದರು. ಆ ಮೂರನ್ನು ಇನ್ನೂ ಕಾಯ್ದಿಡಬೇಕೆ, ಬಿಟ್ಟುಬಿಡಬೇಕೆ, ಇಲ್ಲ ಸಂಶೋಧನೆಗೆ ಕೊಡುತ್ತೀರಾ ಎಂದು ಕೇಳಿದ್ದರು. ಮರುದಿನವೇ ಉತ್ತರ ಮುಟ್ಟಿಸಬೇಕಿತ್ತು. ಅಂಥ ಭ್ರೂಣದಿಂದ ಕಾಂಡಕೋಶ ಅಂತ ತೆಗೆಯುತ್ತಾರೆ, ಅವು ನರ, ಗುಂಡಿಗೆ, ಏನು ಬೇಕಾದರೂ ಆಗಬಲ್ಲವು, ಮುಂದೆ ಎಂದಾದರೂ ಲಕ್ವಾ ಹೊಡೆದವರಿಗೆ ಉಪಯೋಗವಾದೀತು, ಸದ್ಯ ಇನ್ನೂ ಕಲಿಯುತ್ತಿದ್ದಾರೆ ಎಂದು ಅಳಿಯಂದಿರು ಹೇಳಿದರು. ತೆಗೆಯುವಾಗ ಭ್ರೂಣ ಉಳಿಯುವುದಿಲ್ಲ, ಅದಕ್ಕೇ ದೊಡ್ಡ ದೊಡ್ಡ ದೇಶಗಳಲ್ಲಿ ಇದರ ಮೇಲೆ ಜಗಳ ನಡೆದಿದೆ ಎಂದೂ ಹೇಳಿದರು. ಅವರಿಗೆ ಕೊಡುವ ಮನಸ್ಸಿತ್ತು. ಮಗಳು ಕೂಸಿನ ಮೋರೆ ನೋಡುತ್ತ ಕುಳಿತಿದ್ದಳು.

ದೊಡ್ಡ ದೇಶದವರ ಜಗಳ ನಮ್ಮ ಪಡಸಾಲೆಗೂ ಬಂತು. ಮೂವರೂ ನನ್ನ ಮೊಮ್ಮಕ್ಕಳು, ಒಬ್ಬೊಬ್ಬರನ್ನಾಗಿ ಮನೆಗೆ ತರಬೇಕು ಎಂದು ನಾನು ಪಟ್ಟು ಹಿಡಿದೆ. ಮನೆಯವರು ನೂಲು ಸುತ್ತಿದ ಕಂಡಿಕೆಯೊಂದನ್ನು ಎತ್ತಿ ಹಿಡಿದರು.

“ಈ ನೂಲಿಗೆ ಯಾರರೆ ಖಣ ಅಂತಾರನು? ಮಗ್ಗಕ್ಕ ಹಾಕಿ ನೇಯ್ದರ ಖಣ. ಇಲ್ಲಂದ್ರ ಬರೇ ನೂಲು.”

ದಡ್ಡ ಹುಡುಗ ಸರಿ ಉತ್ತರ ಕೊಟ್ಟಾಗ ಮಾಸ್ತರರು ಹಿಗ್ಗುವಂತೆ ಅಳಿಯಂದಿರು ಹಿಗ್ಗಿದರು. ನನಗೆ ಸಿಟ್ಟು ನೆತ್ತಿಗೇರಿತು.

“ಬರೇ ನೂಲೇನ್ರಿ? ಕಾಲು ತಾಗಿದ್ರ ಮುಟ್ಟಿ ಕಣ್ಣಿಗೆ ಒತ್ಕೋತೀರಿ. ಮಕ್ಕಳು ದಾಟಿದ್ರ ಬೆನ್ನಿಗೆ ಗುದ್ದತಿದ್ರಿ. ಬರೇ ನೂಲಿಗೆ ಇಷ್ಟು ಮರ್ಯಾದಿ ಯಾಕ ಮತ್ತ?”

ಅವರು ಕೈಯಲ್ಲಿದ್ದ ನೂಲನ್ನೊಮ್ಮೆ ನೋಡಿದರು. ಕಂಡಿಕೆಯನ್ನು ಭಾಳ ಮೆತ್ತಗೆ ಬುಟ್ಟಿಯಲ್ಲಿಟ್ಟರು. ಗೆದ್ದ ಹುರುಪಿನಲ್ಲಿ ನಾನು ಮಗಳ ಕಡೆ ತಿರುಗಿದೆ. ನೋಡು, ನಿಮ್ಮಪ್ಪನಿಗೂ ಉತ್ತರ ಇಲ್ಲ, ಬರುವ ವರ್ಷವೇ ಒಬ್ಬರನ್ನು ತಂದುಬಿಡೋಣ ಎಂದೆ.

“ಯವ್ವಾ, ಮಗ್ಗ ಯಾವುದು ಹೇಳು,” ಅಂದಳು ಮಗಳು.

ನಾನು ಕುಣಿಯಲ್ಲಿದ್ದ ಮಗ್ಗದ ಕಡೆ ಕೈ ತೋರಿಸಿದೆ.

“ಮಗ್ಗ ನಾನು. ವರ್ಷಗಟ್ಟಲೆ ಸೂಜಿ ಚುಚ್ಚಿಸ್ಕೊಂಡೇನಿ. ಇನ್ನ ನನ್ನ ಕೈಲೆ ಆಗೂದಿಲ್ಲ.”

ದಿನಾ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕುವವಳು ನಾನು. ಸೂಜಿ ಚುಚ್ಚಿ ಗಂಟುಗಟ್ಟಿದ ಜಾಗಗಳು ನನ್ನ ಅಂಗೈಗೆ ಹತ್ತುತ್ತಿದ್ದವು. ಹತ್ತಿದರೂ ಮೂರು ಕುಂಚಿಗೆ ಹೊಲಿದಿದ್ದೆ. ನಿನಗೆ ಏನು ಮಾಡಬೇಕೆಂದಿದೆ, ನೀನೇ ಹೇಳು ಎಂದು ಕೇಳಿದೆ.

“ಕೊಡೂಣು. ಯಾರಿಗರೆ ಉಪಯೋಗ ಆಗ್ಲಿ. ಆದ್ರ ಕಸದಂಗ ಹಿಡೀಬಾರದು ಅವನ್ನ.”

ಹಾಗಾದರೆ ಅದನ್ನೂ ಕಾಗದದಲ್ಲಿ ಬರೆಯಿರಿ ಎಂದು ಅಳಿಯಂದಿರಿಗೆ ಹೇಳಿದೆ. ಅಂಥದ್ದಕ್ಕೆ ಇದರಲ್ಲಿ ಜಾಗವಿಲ್ಲ ಎಂದರು. ನಾನು ಕಾಗದ ತಿರುಗಿಸಿ ತೋರಿಸಿದೆ, ಹಿಂದೆ ಪೂರಾ ಖಾಲಿ. ಮುಟ್ಟುವವರು ಮೊದಲು ಕಣ್ಣಿಗೆ ಒತ್ತಿಕೊಳ್ಳಬೇಕು ಎಂದು ನಾನು ಹೇಳುತ್ತಿದ್ದಂತೆ ಮನೆಯವರು ತಡೆದರು.

“ಕಣ್ಣಿಗೆ ಒತ್ಕೊಂಡ್ರ ರೆಪ್ಪಿಗೆ ಅಂಟ್ಕೊಂಡು ಹೋಗ್ತಾವು. ಕೈ ಮುಗೀರಿ ಅಂತ ಬರೀರಿ, ಸಾಕು.”

ಮಗಳು ಕೂಸು ಬೆಚ್ಚಿ ಏಳುವಷ್ಟು ಜೋರಾಗಿ ನಕ್ಕಳು. ಅಳಿಯಂದಿರು ಗುಂಡಗಿನ ಅಕ್ಷರದಲ್ಲಿ ಹಾಗೆಯೇ ಬರೆದರು. ಮಗಳು ಕೆಳಗೆ ಸಹಿ ಹಾಕಿದಳು.

ಬಾಣಂತಿ ತನ್ನ ಕೋಣೆಯಲ್ಲೇ ಉಣ್ಣಬೇಕು ಎಂಬ ನನ್ನ ಕಟ್ಟಳೆಯನ್ನು ಆ ಸಂಜೆ ನಾನೇ ಮುರಿದೆ. ಎಲ್ಲರೂ ಪಡಸಾಲೆಯಲ್ಲಿ ಒಂದೇ ಸಾಲಿಗೆ ಕುಳಿತೆವು. ಅವಳಿಗೆ ಸಬ್ಬಸಗಿ ಪಲ್ಯ, ಬಿಸಿ ಅನ್ನ, ತುಪ್ಪ. ನಮಗೆ ಜೋಳದ ರೊಟ್ಟಿ, ಎಣ್ಣೆಗಾಯಿ. ಮನೆಯವರು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು, ಅವರ ರೊಟ್ಟಿ ನಾನೇ ಮುರಿದು ಕೊಟ್ಟೆ. ಮಗಳು ಎರಡನೆಯ ಸಲ ಅನ್ನ ಕೇಳಿದಳು.